ಪ್ಲಾಸ್ಮಾ ಮಾರಿದ ಹಣದ ದಶಮಾಂಶ

ಇವತ್ತು ಒಂದು ಪ್ರಶ್ನೆ ಇಟ್ಕೊಂಡು ಮಾತಾಡೋಣ. ನಮ್ಮ ಸಭೆಯಿಂದ ಹೋಗಿ ಟೆಕ್ಸಾಸ್‌ನಲ್ಲಿ ಕೆಲಸ ಮಾಡ್ತಿರುವ ಸಹೋದರ ಕಳಿಸಿದ್ದು. ಅಲ್ಲಿ ಅವರ ಸಭೆಗೆ ಬರುವ ಒಬ್ಬ ಅಮೆರಿಕನ್ ಯುವಕ ವಾರಕ್ಕೆ ಎರಡು ಸಲ ಪ್ಲಾಸ್ಮಾ ಕೊಟ್ಟು ಹಣ ತಗೋತಾನೆ. ಅದರಲ್ಲೂ ತಪ್ಪದೆ ದಶಮಾಂಶ ಎತ್ತಿಡ್ತಾನೆ. "ಪಾಸ್ಟರ್, ಇದು ರಕ್ತದ ಕ್ರಯ ಅಲ್ವಾ? ಕಾಣಿಕೆ ಪೆಟ್ಟಿಗೆಗೆ ಹಾಕಬಹುದಾ?"

ಪ್ಲಾಸ್ಮಾ ಅಂದ್ರೆ ರಕ್ತದಲ್ಲಿರುವ ಹಳದಿ ದ್ರವ. ಮಷೀನು ಕೈಯಿಂದ ರಕ್ತ ಎಳೆದು, ಪ್ಲಾಸ್ಮಾ ಬೇರೆ ಮಾಡಿ, ಕೆಂಪು ಕಣಗಳನ್ನು ವಾಪಸ್ ಮೈಯೊಳಗೆ ಬಿಡುತ್ತೆ. ಅಲ್ಲಿನ ನಿಯಮದಲ್ಲಿ 7 ದಿನಕ್ಕೆ 2 ಸಲ ಕೊಡಬಹುದು, ಮಧ್ಯೆ ಕನಿಷ್ಠ 1 ದಿನ ಬಿಡಬೇಕು. ಇದರಿಂದ ಆಲ್ಬ್ಯುಮಿನ್, ಇಮ್ಯುನೋಗ್ಲಾಬ್ಯುಲಿನ್, ಹಿಮೋಫಿಲಿಯಾ ಇರುವವರಿಗೆ ಔಷಧಿ ತಯಾರಾಗುತ್ತೆ. ಪ್ರಪಂಚದಲ್ಲಿ ಔಷಧಿಗಾಗಿ ಸಂಗ್ರಹವಾಗುವ ಪ್ಲಾಸ್ಮಾದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಅಮೆರಿಕದ್ದೇ. ನಮಗೆ ಇದು ವಿಚಿತ್ರ ಅನ್ನಿಸೋದಕ್ಕೆ ಕಾರಣ ಇದೆ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ, 1998ರ ಜನವರಿಯಿಂದ ಇಲ್ಲಿ ಹಣಕ್ಕೆ ರಕ್ತ ಕೊಡುವುದಕ್ಕೆ ನಿಷೇಧ ಇದೆ.

ಈಗ ಮತ್ತಾಯ 27ಕ್ಕೆ ಬನ್ನಿ. ಯೂದನು ಎಸೆದು ಹೋದ 30 ಬೆಳ್ಳಿ ನಾಣ್ಯಗಳನ್ನು ಮಹಾಯಾಜಕರು ಬೊಕ್ಕಸಕ್ಕೆ ಹಾಕಲಿಲ್ಲ, ಅದು ರಕ್ತದ ಕ್ರಯ ಅಂದ್ರು. ಆದ್ರೆ ಅದು ಇನ್ನೊಬ್ಬನ ರಕ್ತ, ಕೊಲೆಗೆ ಕೊಟ್ಟ ಬೆಲೆ. ಈ ಹುಡುಗ ಕೊಟ್ಟಿದ್ದು ತನ್ನದನ್ನೇ, ಅದೂ ಯಾರದೋ ಪ್ರಾಣ ಉಳಿಸೋದಕ್ಕೆ. ಎರಡೂ ಹೇಗೆ ಒಂದಾಗುತ್ತೆ? ಇನ್ನೊಂದು ಗಮನಿಸಿ. ಆ ನಾಣ್ಯ ಕೈಯಿಂದ ಹೋಗುವಾಗ ಯಾಜಕರ ಮನಸ್ಸಾಕ್ಷಿ ಕದಲಲಿಲ್ಲ. ವಾಪಸ್ ಬಂದಾಗ ಮಾತ್ರ ಧರ್ಮಶಾಸ್ತ್ರ ನೆನಪಾಯ್ತು!

ದೇಹ ದೇವರ ಆಲಯ, ಅದನ್ನು ಮಾರಬಾರದು ಅಂತ ಕೆಲವರು ಹೇಳ್ತಾರೆ. ಒಪ್ತೀನಿ, ಆದ್ರೆ ಪೂರ್ತಿ ಅಲ್ಲ. ನೈಟ್ ಶಿಫ್ಟಲ್ಲಿ ನಿದ್ದೆ ಮಾರುವ ನಿಮ್ಮ ದಶಮಾಂಶವನ್ನು ಯಾರಾದರೂ ಪ್ರಶ್ನೆ ಮಾಡಿದ್ದಾರಾ? ಮೂಟೆ ಹೊರುವವನ ಬೆನ್ನೂ ಆಲಯವೇ ಅಲ್ವಾ?

ಆದರೂ ಒಂದು ಕಡೆ ನನಗೆ ಚುಚ್ಚುತ್ತೆ. ಧರ್ಮೋಪದೇಶಕಾಂಡ 24ರಲ್ಲಿ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡಿ ಅಂತ ಇದೆ. ಅದನ್ನು ತೆಗೆದುಕೊಂಡರೆ ಅವನ ಜೀವವನ್ನೇ ತೆಗೆದುಕೊಂಡ ಹಾಗೆ. ಆ ಆಜ್ಞೆ ಯಾರಿಗೆ? ಒತ್ತೆ ಇಡುವ ಬಡವನಿಗಲ್ಲ, ಇಟ್ಟುಕೊಳ್ಳುವವನಿಗೆ. ಕಲ್ಲು ಹೊತ್ತು ತಂದ ಬಡವನನ್ನು ದೇವರು ಅಲ್ಲಿ ಗದರಿಸೋದೇ ಇಲ್ಲ. ಮನೆಯಲ್ಲಿ ಬೇರೇನೂ ಉಳಿದಿಲ್ಲ ಅಂತ ಆತನಿಗೆ ಗೊತ್ತು. ಈ ಹುಡುಗನಿಗೂ ಉಳಿದಿರೋದು ತೋಳು ಮಾತ್ರ ಆಗಿದ್ರೆ, ಪ್ರಶ್ನೆ ಅವನ ಮೇಲಲ್ಲ, ಪ್ರತಿ ಭಾನುವಾರ ಅವನ ಪಕ್ಕ ಕೂತು ಹಾಡುವವರ ಮೇಲೆ.

ಹಾಗಾಗಿ ಸಹೋದರನಿಗೆ ಬರೆದೆ: ಕಾಣಿಕೆ ತಗೊಳ್ಳಿ, ಅವನನ್ನು ನಾಚಿಸಬೇಡಿ. ಆದ್ರೆ ಮೊದಲು ಒಂದು ಊಟಕ್ಕೆ ಕರೆದು, ಬಾಡಿಗೆ ಎಷ್ಟು ಬಾಕಿ ಇದೆ, ಸಾಲ ಏನಾದ್ರೂ ಇದೆಯಾ ಅಂತ ಮೆಲ್ಲಗೆ ಕೇಳಿ. ಕಷ್ಟ ಇದ್ರೆ ಅದೇ ಪೆಟ್ಟಿಗೆಯಿಂದ ತೆಗೆದು ಕೊಡಿ, ವೇದಿಕೆ ಮೇಲೆ ಹೆಸರು ಹೇಳದೆ. ಕಷ್ಟ ಇಲ್ಲ, ಬೇಕಂತಲೇ ಕೊಡ್ತಾನೆ ಅಂದ್ರೆ, ಚೆನ್ನಾಗಿ ನೀರು ಕುಡಿದು, ಹೊಟ್ಟೆ ತುಂಬ ಊಟ ಮಾಡಿ ಹೋಗು ಅಂತ ಹೇಳಿ ಬಿಟ್ಟುಬಿಡಿ.