ಪದಾರ್ಥವು ಪ್ರಸಾದವಾಗುವ ಬಗೆ

ಕಳೆದ ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆಹಾರದ ವಿಷಯವಾಗಿ ಮಕ್ಕಳಿಗೆ ನಾಲ್ಕು ಮಾತು ಹೇಳುವ ಪ್ರಸಂಗ ನಮಗೆ ಒದಗಿತು. ಪ್ರಸಾದವನ್ನು ಚೆಲ್ಲಬಾರದೆಂದು ಹೇಳುತ್ತಿರುವಾಗ ಮೂರನೆಯ ತರಗತಿಯ ಬಾಲಕನೊಬ್ಬನು ಎದ್ದು ನಿಂತು, "ಬುದ್ಧೀ, ಚಿಪ್ಸ್ ಪೊಟ್ಟಣವನ್ನು ಲಿಂಗಕ್ಕೆ ತೋರಿಸಿ ತಿಂದರೆ ಅದೂ ಪ್ರಸಾದವಾಗುತ್ತದೆಯೇ?" ಎಂದು ಕೇಳಿದನು. ಅಧ್ಯಾಪಕರು ಗದರಿಸಲು ಮುಂದಾದರು, ನಾವು ತಡೆದೆವು. ಅದು ಉದ್ಧಟತನದ ಪ್ರಶ್ನೆಯಾಗಿರಲಿಲ್ಲ. ಅಂದು ನಾವು ಕೊಟ್ಟ ಉತ್ತರ ನಮಗೇ ತೃಪ್ತಿ ತರಲಿಲ್ಲವಾದ್ದರಿಂದ ಅದನ್ನಿಲ್ಲಿ ಮತ್ತೆ ವಿಚಾರಿಸುತ್ತಿದ್ದೇವೆ.

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಅಲ್ಲಿಯ ಭಕ್ತಿಗೆ ಅವಧಾನಭಕ್ತಿಯೆಂದು ಹೆಸರು. ಅವಧಾನವೆಂದರೆ ಎಚ್ಚರ. ಪದಾರ್ಥವು ಲಿಂಗಾರ್ಪಿತವಾಗಿ ಪ್ರಸಾದವಾಗುತ್ತದೆಂಬುದು ನಿಜ. ಆದರೆ ಅರ್ಪಣಕ್ಕೆ ಮೊದಲು, ಇದು ಎಲ್ಲಿಂದ ಬಂದಿತು, ಶುದ್ಧ ಕಾಯಕದಿಂದ ಬಂದುದೇ, ಅರ್ಪಿಸತಕ್ಕುದೇ ಎಂಬ ವಿವೇಚನೆ ಇರಲೇಬೇಕು. ಅರ್ಪಣವು ಅಯೋಗ್ಯವಾದುದನ್ನು ಯೋಗ್ಯವಾಗಿಸುವ ಉಪಾಯವಲ್ಲ. ಕಾಯವನ್ನು ಲಿಂಗದ ನೆಲೆಯೆಂದು ನಂಬಿದವರಿಗೆ ಆ ನೆಲೆಯನ್ನೇ ಕೆಡಿಸುವ ವಸ್ತು ಅರ್ಪಿತಕ್ಕೆ ಸಲ್ಲುವುದೆಂತು?

ನಾವು ಮಠದ ಪಂಕ್ತಿಯಲ್ಲಿ ಉಂಡು ಓದಿದ ಕಾಲದಲ್ಲಿ ತಟ್ಟೆಯಲ್ಲಿ ಒಂದಗುಳನ್ನೂ ಬಿಡಬಾರದೆಂಬ ಒಂದೇ ಪಾಠ ಸಾಕಾಗಿತ್ತು. ಬಡಿಸುತ್ತಿದ್ದುದು ಮುದ್ದೆ, ಸಾರು, ಅನ್ನ. ಇಂದು ಆ ಪಾಠ ಸಾಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇನ್ನೊಂದೆಡೆ, 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಲಿಯು, ಮಕ್ಕಳು ಸೇವಿಸುವ ಸಕ್ಕರೆ ಮಿತಿ ಮೀರಿದೆಯೆಂದು ತಿಳಿಸಿ, ಶಾಲೆಗಳಲ್ಲಿ ಸಕ್ಕರೆಯ ಫಲಕಗಳನ್ನು ಹಾಕಿಸಬೇಕೆಂದು ಸೂಚಿಸಿತು. ದಿನದ ಆಹಾರಶಕ್ತಿಯಲ್ಲಿ ಸಕ್ಕರೆಯ ಪಾಲು ನೂರಕ್ಕೆ 5ನ್ನು ಮೀರಬಾರದು. ನಾಲ್ಕರಿಂದ ಹತ್ತು ವರ್ಷದ ಮಕ್ಕಳಲ್ಲಿ ಅದು 13ಕ್ಕೆ ಏರಿದೆಯೆಂದು ಆ ಸೂಚನೆ ಹೇಳುತ್ತದೆ. ಕೊರತೆಯೂ ಅತಿಯೂ ಒಂದೇ ನಾಡಿನಲ್ಲಿ ನೆರೆಹೊರೆಯಾಗಿ ಬಾಳುತ್ತಿವೆ.

ಈ ವಿಷಯದಲ್ಲಿ ನಮ್ಮ ತಪ್ಪನ್ನೂ ಒಪ್ಪಬೇಕು. 2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಹಲವು ಮಠಾಧೀಶರು ಆಕ್ಷೇಪಿಸಿದರು. ಸಸ್ಯಾಹಾರವು ನಮ್ಮ ಆಚಾರ. ಅದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಅಷ್ಟೇ ಗಟ್ಟಿಯಾಗಿ ನಾವು ಧ್ವನಿಯೆತ್ತಿದೆವೇ? ನಮ್ಮ ಸಭೆಗಳಲ್ಲಿ ಮಕ್ಕಳ ಕೈಗೆ ಬಣ್ಣದ ಪಾನೀಯವನ್ನು ಕೊಡುವವರನ್ನು ತಡೆದೆವೇ? ತಿನ್ನಬಾರದುದನ್ನು ಹೇಳುವುದು ಸುಲಭ. ತಿನ್ನತಕ್ಕುದನ್ನು ಒದಗಿಸುವುದೇ ದಾಸೋಹ.

ಹಾಗಾದರೆ ಎಳೆಯರಿಗೆ ಕಲಿಸುವುದು ಹೇಗೆ? ಜೀವಸತ್ವಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಅಂಕ ಬಂದೀತು, ನಾಲಿಗೆ ಬದಲಾಗದು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ರೈತನು ಮೊದಲ ಫಸಲನ್ನು ಬಸವನಿಗೆ ಅರ್ಪಿಸುವ ಸಂಪ್ರದಾಯದಿಂದ ಬೆಳೆದ ಜಾತ್ರೆಯದು. ಕಡಲೆಬೀಜದ ತೂಕದ ಸುಮಾರು ಕಾಲುಭಾಗ ದೇಹವನ್ನು ಕಟ್ಟುವ ಪ್ರೋಟೀನು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಾತ್ರ. ಮಗುವನ್ನು ಪರಿಷೆಗೆ ಕರೆದೊಯ್ದು ಕಾಯಿ ಬಿಡಿಸಲು ಕೊಡಿ. ಗಾಂಧಿಬಜಾರಿನಲ್ಲಿ ಸೊಪ್ಪನ್ನು ಆರಿಸಲು ಬಿಡಿ. ತಾನು ಬಿಡಿಸಿದ ಕಾಯನ್ನೂ ಆರಿಸಿದ ಸೊಪ್ಪನ್ನೂ ಅದು ಗಮನವಿಟ್ಟು ತಿನ್ನುತ್ತದೆ. ತಟ್ಟೆ ತುಂಬ ಬಡಿಸಿ ಬಲವಂತದಿಂದ ಮುಗಿಸಿ ಏಳೆನ್ನಬೇಡಿ. ಸ್ವಲ್ಪ ಬಡಿಸಿ, ಹಸಿವಿದ್ದರೆ ಮತ್ತೆ ಕೇಳಲು ಕಲಿಸಿ. ಆಗ ಪ್ರಸಾದ ಚೆಲ್ಲುವುದೂ ಇಲ್ಲ, ಹೊಟ್ಟೆ ಭಾರವಾಗುವುದೂ ಇಲ್ಲ. ಎಲ್ಲಕ್ಕೂ ಮಿಗಿಲಾಗಿ, ಹಿರಿಯರ ತಟ್ಟೆಯೇ ಮಗುವಿನ ಮೊದಲ ಪಾಠ. ಸಂಜೆ ಬೇಕರಿಯ ತಿನಿಸನ್ನು ತಾವು ತಿನ್ನುತ್ತ ಮಗುವಿಗೆ ಹಣ್ಣು ತಿನ್ನೆಂದರೆ ಅದು ನಂಬುವುದು ಕಣ್ಣನ್ನೇ ಹೊರತು ಕಿವಿಯನ್ನಲ್ಲ.

ಆರಿಸಿಕೊಳ್ಳುವ ಭಾಗ್ಯವೇ ಇಲ್ಲದ ಮಕ್ಕಳೂ ಇದ್ದಾರೆ. 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟಕ್ಕೆ ಸರಕಾರವು ಶರಣರ ಮಾತನ್ನೇ ಆಯ್ದು 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಲಿಂಗೈಕ್ಯರಾದ ಜನವರಿ 21 ಇಂದು ದಾಸೋಹ ದಿನವಾಗಿದೆ. ಈ ಹೆಸರುಗಳು ನಮಗೆ ಹೆಮ್ಮೆಯನ್ನಷ್ಟೇ ಅಲ್ಲ, ಹೊಣೆಯನ್ನೂ ತಂದಿವೆ. ಸಮೀಪದ ಸರಕಾರಿ ಶಾಲೆಯ ಊಟದ ಪಂಕ್ತಿಗೆ ತಿಂಗಳಿಗೊಮ್ಮೆ ಹೋಗಿ, ಏನು ಬೇಕೆಂದು ವಿಚಾರಿಸಿ, ಹಣ್ಣನ್ನೋ ಕಾಳನ್ನೋ ಒದಗಿಸುವುದು ಭಕ್ತರಿಗೆ ಭಾರವಲ್ಲ.

ಆ ಬಾಲಕನಿಗೆ ಈಗ ನಾವು ಹೇಳಬಯಸುವುದಿಷ್ಟು: ಮಗೂ, ಲಿಂಗಕ್ಕೆ ತೋರಿಸುವ ಮೊದಲು ನೀನೇ ಒಮ್ಮೆ ನೋಡು. ಇದು ನಿನಗೆ ಹಿತವೇ, ಪಕ್ಕದ ಗೆಳೆಯನಿಗೂ ಸಿಕ್ಕಿದೆಯೇ ಎಂದು ಕೇಳಿಕೋ. ಹಾಗೆ ಕೇಳಿಕೊಂಡು ಕೈ ನೀಡಿದಾಗಲೇ ಪದಾರ್ಥವು ಪ್ರಸಾದವಾಗಲು ತೊಡಗುತ್ತದೆ.