ಲಿವರಿಗೆ ಅವಸರವಿಲ್ಲ

ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಗ್ಯಾಸಿನ ಪುಡಿಯ ಪಕ್ಕ ಹೊಸ ನೆಂಟನೊಬ್ಬ ಬಂದು ಕೂತಿದ್ದಾನೆ: ಹ್ಯಾಂಗೋವರ್ ಮಾತ್ರೆ. ಗುಂಡು ಹಾಕುವ ಮೊದಲು ನುಂಗಿದರೆ ಬೆಳಗ್ಗೆ ತಲೆ ಸಿಡಿಯುವುದಿಲ್ಲವಂತೆ. ಇಂಥವುಗಳಲ್ಲಿ ಕೆಲವು, ಮದ್ಯವನ್ನು ಒಡೆಯುವ ಕಿಣ್ವವೇ ತಮ್ಮೊಳಗಿದೆ ಎನ್ನುತ್ತವೆ.

ಕಿಣ್ವವೆಂದರೆ ಪ್ರೋಟೀನು. ಅದು ತೊಗರಿಬೇಳೆಯದೋ ದುಬಾರಿ ಮಾತ್ರೆಯದೋ ಎಂದು ಹೊಟ್ಟೆ ವಿಚಾರಿಸುವುದಿಲ್ಲ, ಅರಗಿಸಿಬಿಡುತ್ತದೆ. ಕರುಳಿನವರೆಗೆ ಹೇಗೋ ದಾಟಿಸಿದರೂ, ರಕ್ತಕ್ಕೆ ಸೇರಿಹೋದ ಮದ್ಯದ ಲೆಕ್ಕ ಚುಕ್ತಾ ಮಾಡುವುದು ಲಿವರೇ. ಅದರ ವೇಗ ಗಂಟೆಗೆ ಸುಮಾರು 7ರಿಂದ 10 ಗ್ರಾಂ. ನಮ್ಮ ಬಾರುಗಳ ಒಂದು ‘ನೈಂಟಿ’ಯಲ್ಲಿ ಹತ್ತಿರಹತ್ತಿರ 30 ಗ್ರಾಂ ಮದ್ಯಸಾರ ಇರುತ್ತದೆ. ಎರಡು ನಿಮಿಷದಲ್ಲಿ ಗಂಟಲಿಗಿಳಿದದ್ದಕ್ಕೆ ಮೂರು ನಾಲ್ಕು ಗಂಟೆಯ ದುಡಿಮೆ.

ಆ ದುಡಿಮೆಯೂ ಎರಡು ಹಂತದ್ದು. ಮೊದಲ ಕಿಣ್ವ ಮದ್ಯವನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಇದು ಮದ್ಯಕ್ಕಿಂತ ಕೆಟ್ಟ ವಿಷ. ಎರಡನೆಯದು ಬಂದು ಅದನ್ನು ವಿನೆಗರ್‌ನಲ್ಲಿರುವ ನಿರಪಾಯದ ಆಮ್ಲದ ರೂಪಕ್ಕೆ ತರುತ್ತದೆ. ಜಪಾನ್, ಚೀನಾ, ಕೊರಿಯಾಗಳಲ್ಲಿ ಬಹಳ ಜನಕ್ಕೆ ಈ ಎರಡನೆಯ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಅರ್ಧ ಲೋಟ ಬಿಯರಿಗೇ ಮುಖ ಕೆಂಪೇರಿ ಎದೆ ಡವಗುಟ್ಟುತ್ತದೆ. ಹಾಗಾಗಿ ಮೊದಲ ಹಂತವನ್ನಷ್ಟೇ ಚುರುಕುಗೊಳಿಸುವ ಮಾತ್ರೆ ನಿಜಕ್ಕೂ ಕೆಲಸ ಮಾಡಿದರೆ ಕುಡಿದವನ ಪಾಡು ಇನ್ನೂ ಕಷ್ಟ! ಸಾಲದ್ದಕ್ಕೆ, ತಲೆನೋವು ತಾರಕಕ್ಕೇರುವುದೇ ರಕ್ತದಲ್ಲಿ ಮದ್ಯ ಸೊನ್ನೆಯ ಹತ್ತಿರ ಬಂದಾಗ. ಕೆಟ್ಟ ನಿದ್ದೆ, ಒಣಗಿದ ಮೈ, ಒಳಗಿನ ಉರಿಯೂತ ಇವಕ್ಕೆಲ್ಲ ಯಾವ ಕಿಣ್ವ? 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹ್ಯಾಂಗೋವರ್ ವಾಸಿಮಾಡುತ್ತದೆಂದು ಸರಕು ಮಾರುತ್ತಿದ್ದ ಏಳು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು.

ಮದ್ಯ ಒಡೆಯುವ ಈ ದಾರಿಯಲ್ಲಿ ಖಚಿತವಾಗಿ ಕೆಲಸ ಮಾಡುವ ಹಳೆಯ ಮಾತ್ರೆಯೊಂದಿದೆ. ತಮಾಷೆಯೆಂದರೆ, ಅದು ಕಿಣ್ವವನ್ನು ಕೊಡುವುದಲ್ಲ, ಕಟ್ಟಿಹಾಕುವುದು. ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಡೈಸಲ್ಫಿರಾಮ್ ಎಂಬುದನ್ನು ಜಂತುಹುಳದ ಮದ್ದೆಂದು ಪರೀಕ್ಷಿಸುತ್ತ ತಾವೇ ನುಂಗಿ ನೋಡಿದರು. ಆಮೇಲೆ ಕುಡಿದಾಗ ಇಬ್ಬರೂ ಕೆಂಪೇರಿ, ಹೊಟ್ಟೆ ತೊಳಸಿ ಕಂಗಾಲಾದರು. ಆ ಎರಡನೆಯ ಕಿಣ್ವಕ್ಕೆ ಬೀಗ ಬಿದ್ದಿತ್ತು. 1948ರಿಂದ ಅದು ಕುಡಿತ ಬಿಡಿಸುವ ಔಷಧ.

ಕುಡಿಯುವವನಿಗೆ ಎಲ್ಲ ತಿಳಿಸಿ, ಅವನ ಒಪ್ಪಿಗೆ ಪಡೆದು ವೈದ್ಯರು ಕೊಡಬೇಕಾದ ಮಾತ್ರೆ ಅದು. ಇದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ನಮ್ಮಲ್ಲಾದರೋ ‘ಕುಡಿಯುವವರಿಗೆ ಗೊತ್ತಾಗದಂತೆ ಬಿಡಿಸಿ’ ಎನ್ನುವ ಚೀಟಿಗಳು ಗೋಡೆಗೋಡೆಯಲ್ಲಿ. ಸೋತ ಮನೆಯವರು ಹೇಗೋ ಸಿಕ್ಕ ಮಾತ್ರೆ ಪುಡಿಮಾಡಿ ಸಾರಿಗೆ ಬೆರೆಸುವುದೂ ಉಂಟು. ಬೆರೆಸಿಟ್ಟು ಕಾಯುವ ಹೆಂಡತಿಗೆ ಗಂಡ ಆ ರಾತ್ರಿ ಎಷ್ಟು ಕುಡಿದು ಬರುತ್ತಾನೆಂದು ಮಾತ್ರ ಗೊತ್ತಿರುವುದಿಲ್ಲ.