‘ಸರಿಹೋಗುತ್ತದೆ’ ಎಂಬ ಮಾತು

ನಮ್ಮ ಮನೆಗೆ ಬರುವವರೆಲ್ಲರೂ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳುವ ಮಾತು ಒಂದೇ: “ಎಲ್ಲಾ ಸರಿಹೋಗುತ್ತೆ, ಮೇಷ್ಟ್ರೇ.” ಹೇಳುವವರ ಮನಸ್ಸಿನಲ್ಲಿ ಕಪಟವಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ ಇನ್ನೇನನ್ನು ತಾನೆ ಹೇಳಿಯಾರು? ನಾನೂ ಎಷ್ಟೋ ವರ್ಷ ಇತರರ ಮನೆಬಾಗಿಲಲ್ಲಿ ನಿಂತು ಇದೇ ಮಾತನ್ನು ಧಾರಾಳವಾಗಿ ಹಂಚಿ ಬಂದವನು. ಈಗ ಅದನ್ನು ಪಡೆದುಕೊಳ್ಳುವ ಸರದಿ ನನ್ನದಾದ ಮೇಲೆ, ಆ ಮಾತಿನ ತೂಕವೆಷ್ಟು ಎಂಬ ಯೋಚನೆ ಹತ್ತಿದೆ.

ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದ ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಅರ್ಧ ಉಳಿಯಿತು, ಮಾತು ಪೂರ್ತಿ ಹೋಯಿತು. ನಮ್ಮ ದೇವಾಲಯದಲ್ಲಿ ಮೂವತ್ತು ವರ್ಷ ಮುಂದಿನ ಸಾಲಿನಲ್ಲಿ ನಿಂತು ಹಾಡಿದವಳು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಹೇಳಬೇಕೆಂದರೆ ಪದ ಸಿಕ್ಕುವುದಿಲ್ಲ. ‘ನೀರು’ ಎನ್ನಲು ಹೊರಟರೆ ಬಾಯಿಂದ ಬೇರೆ ಯಾವುದೋ ಶಬ್ದ ಹೊರಡುತ್ತದೆ. ಅದು ತಪ್ಪೆಂದು ಮೊದಲು ಗೊತ್ತಾಗುವುದೂ ಅವಳಿಗೇ. ಸುಧಾರಣೆಯೆಲ್ಲ ಮೊದಲ ಕೆಲವು ತಿಂಗಳಲ್ಲಿ ಬೇಗ ಆಗುತ್ತದೆ, ಆಮೇಲೆ ಆಗುವುದು ನಿಧಾನ ಮತ್ತು ಸ್ವಲ್ಪ ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಆ ಮೊದಲ ತಿಂಗಳುಗಳು ಕಳೆದವು. ಆದರೂ ನಾನು ದಿನವೂ ಅವಳ ತಲೆ ಬಾಚುವಾಗ “ಸರಿಹೋಗುತ್ತೆ ಕಣೆ, ದೇವರಿದ್ದಾನೆ” ಎನ್ನುತ್ತಲೇ ಇದ್ದೆ. ಒಂದು ದಿನ ಹಾಗೆಂದಾಗ ಅವಳು ಮೆಲ್ಲಗೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಆಗದೆಂದು ಬಹುಮಟ್ಟಿಗೆ ತಿಳಿದಿರುವುದನ್ನು ಆಗುತ್ತದೆ ಎನ್ನುವುದು ಸುಳ್ಳಲ್ಲವೆ? ಸುಳ್ಳೇ ಆದರೆ, ಅದನ್ನು ದೇವರ ಹೆಸರಿನಲ್ಲಿ ಹೇಳಬಹುದೆ? ಹೇಳಬಾರದೆಂದರೆ, ಕ್ರೈಸ್ತನೆಂದು ಕರೆದುಕೊಳ್ಳುವ ನನ್ನ ಬಳಿ ಅವಳಿಗೆ ಕೊಡಲು ಬೇರೆ ಯಾವ ಭರವಸೆಯಿದೆ?

ಆ ದಿನಗಳಲ್ಲಿ ನನ್ನ ಪ್ರಾರ್ಥನೆ ಬತ್ತಿಹೋಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಮೊಣಕಾಲೂರಿದರೆ ನಿದ್ರೆ ಬರುತ್ತಿತ್ತು. ಇಲ್ಲವೆ ಸಿಟ್ಟು ಬರುತ್ತಿತ್ತು. ಒಬ್ಬ ಮಹನೀಯರು ಬಂದು, ನಮ್ಮಿಬ್ಬರಲ್ಲಿ ನಂಬಿಕೆ ಸಾಸಿವೆ ಕಾಳಿನಷ್ಟಿದ್ದರೂ ಈಕೆ ಎದ್ದು ನಡೆಯುತ್ತಿದ್ದಳು ಎಂದು ಅವಳೆದುರಿಗೇ ಹೇಳಿ ಹೋದರು. ರೋಗಿಗೆ ರೋಗವೂ ಅಲ್ಲದೆ ರೋಗ ವಾಸಿಯಾಗದ ಅಪರಾಧವನ್ನೂ ಹೊರಿಸುವ ಈ ಬಗೆಯ ಭಕ್ತಿಯನ್ನು ನಾನು ಕ್ಷಮಿಸಲು ಕಲಿಯುತ್ತಿದ್ದೇನೆ, ಇನ್ನೂ ಕಲಿತಿಲ್ಲ.

ಅದೇ ವಾರ ಎದುರು ಮನೆಯ ತಾಯಿಯೊಬ್ಬರು ಬಂದರು. ಅವರು ನಮ್ಮ ಧರ್ಮದವರಲ್ಲ. ದಿನ ಬೆಳಗಾದರೆ ತುಳಸಿಕಟ್ಟೆ ಸುತ್ತುವವರು. ಮೂರು ರಾತ್ರಿ ನಿದ್ದೆಗೆಟ್ಟಿದ್ದ ನನ್ನ ಮುಖ ನೋಡಿದವರೇ, ತಂದಿದ್ದ ಡಬ್ಬಿಯ ಮುಚ್ಚಳ ತೆಗೆದು, “ಮೇಷ್ಟ್ರೇ, ಮೊದಲು ನಾಲ್ಕು ತುತ್ತು ತಿನ್ನಿ. ಆಮೇಲೆ ಹೋಗಿ ಮಲಕ್ಕೊಳ್ಳಿ. ಇವರನ್ನ ನಾನು ನೋಡ್ಕೋತೀನಿ” ಎಂದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ನಾನು ಸಾರು ಅನ್ನ ಉಂಡು ಮಧ್ಯಾಹ್ನವೆಲ್ಲ ಮಲಗಿ, ಸಂಜೆ ಎದ್ದಾಗ ನೆನಪಿಗೆ ಬಂದವನು ಎಲೀಯ.

ಸತ್ಯವೇದವನ್ನು ಓದದ ವಾಚಕರಿಗಾಗಿ ಆ ಕತೆಯನ್ನು ಸ್ವಲ್ಪ ಹೇಳಬೇಕು. ಎಲೀಯ ಇಸ್ರಾಯೇಲಿನ ಪ್ರವಾದಿಗಳಲ್ಲಿ ಮಹಾ ಗಟ್ಟಿಗ. ಕರ್ಮೆಲ್ ಬೆಟ್ಟದ ಮೇಲೆ ಒಬ್ಬನೇ ನಿಂತು ಬಾಳನ ನಾನೂರೈವತ್ತು ಮಂದಿ ಪ್ರವಾದಿಗಳನ್ನು ಎದುರಿಸಿ ಗೆದ್ದವನು. ಗೆದ್ದ ಬೆನ್ನಿಗೇ ರಾಣಿ ಈಜೆಬೆಲಳಿಂದ ಕೊಲೆಯ ಬೆದರಿಕೆ ಬರುತ್ತದೆ. ಇಷ್ಟು ದೊಡ್ಡ ಧೀರ ಅದೊಂದು ಮಾತಿಗೆ ಕುಸಿದು, ಬೇರ್ಷೆಬಕ್ಕೆ ಓಡಿ, ಆಳನ್ನು ಅಲ್ಲೇ ಬಿಟ್ಟು, ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಕುರುಚಲು ಗಿಡದ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡುತ್ತಾನೆ. ಸೋತಾಗ ಎದೆಗುಂದುವುದು ನಮಗೆಲ್ಲ ಅರ್ಥವಾಗುತ್ತದೆ. ಗೆದ್ದ ಮರುದಿನ ಎದೆಗುಂದಿದವನನ್ನು ಚಿತ್ರಿಸಿದ ಆ ಹಳೆಯ ಲೇಖಕ ಮನುಷ್ಯರನ್ನು ಬಲ್ಲವನಾಗಿದ್ದ.

ದೇವದೂತ ಬಂದ. ಬಂದು ಏನು ಮಾಡಿದ? ಉಪದೇಶ ಮಾಡಲಿಲ್ಲ, ನಿನ್ನೆಯ ಗೆಲುವನ್ನು ನೆನಪಿಸಿ ಹುರಿದುಂಬಿಸಲಿಲ್ಲ, ನಿನ್ನ ನಂಬಿಕೆ ಎಲ್ಲಿ ಹೋಯಿತೆಂದು ಗದರಿಸಲೂ ಇಲ್ಲ. ಮಲಗಿದ್ದವನನ್ನು ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿದ. ಎಲೀಯ ತಿಂದು ಕುಡಿದು ಮತ್ತೆ ಮಲಗಿದ, ಮಲಗಲು ಬಿಟ್ಟ. ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ದಾರಿ ಇನ್ನೂ ಬಹಳವಿದೆ ಎಂಬುದನ್ನು ಹೇಳಿದ್ದು ಆಗ. ಹೋರೇಬ್ ಬೆಟ್ಟದಲ್ಲಿ ದೇವರ ದನಿ ಕೇಳಿದ್ದು ನಲವತ್ತು ದಿನ ನಡೆದ ಮೇಲೆ. ಆಗಲೂ ಸಿಕ್ಕಿದ್ದು ಸಾಂತ್ವನವಲ್ಲ: ಬಂದ ದಾರಿಯಲ್ಲಿ ಹಿಂದಿರುಗಿ ಮಾಡಬೇಕಾದ ಕೆಲಸ, ಜೊತೆಗೆ ಎಲೀಷನೆಂಬ ಒಬ್ಬ ಸಂಗಾತಿ. ಈ ಅಧ್ಯಾಯವನ್ನು ನಾನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಹತ್ತಾರು ಸಲ ಪಾಠ ಮಾಡಿದ್ದೆ. ಬೆಟ್ಟ, ಬಿರುಗಾಳಿ, ಬೆಂಕಿಗಳ ಕಡೆಗೆ ಧಾವಿಸುವ ಆತುರದಲ್ಲಿ ರೊಟ್ಟಿಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಿದ್ದೆ. ಎದುರು ಮನೆಯ ಡಬ್ಬಿ ಬಂದ ಮೇಲೆ ತಿಳಿಯಿತು, ಎದೆಗುಂದಿದವನಿಗೆ ಮೊದಲು ಬೇಕಾದುದು ಅದು ಎಂದು.

ಆದರೆ ನನ್ನ ಪ್ರಶ್ನೆಗೆ ಇದರಿಂದ ಅರ್ಧ ಉತ್ತರವಷ್ಟೆ ದೊರೆಯಿತು. ಹೊಟ್ಟೆ ತುಂಬಿದ ಮೇಲೂ ಭವಿಷ್ಯ ಹಾಗೆಯೇ ಎದುರಿಗಿತ್ತು.

ಭವಿಷ್ಯದ ವಿಚಾರದಲ್ಲಿ ನನಗೆ ಕಣ್ಣು ತೆರೆಸಿದವನು ಯೆರೆಮೀಯ. ಬಾಬಿಲೋನಿನ ಸೈನ್ಯ ಜೆರೂಸಲೇಮನ್ನು ಮುತ್ತಿದೆ. ಊರು ಬೀಳುವುದು ಖಂಡಿತವೆಂದು ಹೇಳಿದ ಅಪರಾಧಕ್ಕಾಗಿಯೇ ಅರಸ ಅವನನ್ನು ಸೆರೆಯಲ್ಲಿಟ್ಟಿದ್ದಾನೆ. ಅಂಥ ವೇಳೆಯಲ್ಲಿ ಚಿಕ್ಕಪ್ಪನ ಮಗ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಎನ್ನುತ್ತಾನೆ. ಶತ್ರು ಕಾಲಡಿ ತುಳಿಯುತ್ತಿರುವ ಹೊಲಕ್ಕೆ ಬೆಲೆಯೆಷ್ಟು? ಯೆರೆಮೀಯ ಹದಿನೇಳು ತೊಲದಷ್ಟು ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟು, ಸಾಕ್ಷಿಗಳಿಂದ ರುಜು ಹಾಕಿಸಿ, ಕ್ರಯಪತ್ರಗಳು ಬಹುಕಾಲ ಕೆಡದಿರಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ರಿಜಿಸ್ಟ್ರಾರ್ ಕಛೇರಿಯನ್ನು ಬಲ್ಲವರು ಈ ವಿವರಗಳನ್ನು ಮೆಚ್ಚುತ್ತಾರೆ.

ಗಮನಿಸಬೇಕಾದುದು ಇದು: ಎಲ್ಲ ಸರಿಹೋಗುತ್ತದೆ ಎಂದು ಯೆರೆಮೀಯ ಹೇಳಲಿಲ್ಲ. ಹಾಗೆ ಹೇಳುತ್ತಿದ್ದ ಪ್ರವಾದಿಗಳು ಊರಲ್ಲಿ ಬೇರೆ ಇದ್ದರು. ಅವರನ್ನು ಅವನು ಸುಳ್ಳರೆಂದು ಕರೆದ. ಊರು ಬೀಳುತ್ತದೆ ಎಂದವನೂ ಅವನೇ, ಹೊಲ ಕೊಂಡವನೂ ಅವನೇ. ಊರು ಬಿತ್ತು. ಮುಂದೆ ಜನರು ಅವನನ್ನು ಐಗುಪ್ತಕ್ಕೆ ಕರೆದೊಯ್ದರು. ಅವನು ಹಿಂದಿರುಗಿ ಬಂದು ಆ ಹೊಲವನ್ನು ಉತ್ತನೆಂದು ಆ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಹಾಗಾದರೆ ಆಸೆಯೆಂದರೆ ಮುಂದಾಗುವುದನ್ನು ಕುರಿತ ಹವಾಮಾನ ವರದಿಯಲ್ಲ. ಹವಾಮಾನ ಕೆಟ್ಟದ್ದೆಂದು ತಿಳಿದೇ ಮಾಡುವ ಒಂದು ವ್ಯವಹಾರ. ಅದರ ಫಲ ಮಾಡಿದವನ ಕೈಗೆ ಬಾರದೆಯೂ ಇರಬಹುದು.

ಇದಕ್ಕೆ ನಮ್ಮ ಭಾಷೆಗೆ ಸಂಬಂಧಪಟ್ಟ ಒಂದು ಉದಾಹರಣೆಯಿದೆ. ಕಲ್ಕತ್ತೆಯ ಬಳಿಯ ಶ್ರೀರಾಮಪುರದಲ್ಲಿ ವಿಲಿಯಂ ಕ್ಯಾರಿ ಮತ್ತು ಸಂಗಡಿಗರ ಮುದ್ರಣಾಲಯ 1812ನೆಯ ಇಸವಿ ಮಾರ್ಚ್ 11ರ ಸಂಜೆ ಬೆಂಕಿಗೆ ಆಹುತಿಯಾಯಿತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಇತ್ತು. ಆಗ ಕಲ್ಕತ್ತೆಯಲ್ಲಿದ್ದ ಕ್ಯಾರಿಗೆ ಸುದ್ದಿ ಮುಟ್ಟಿದ್ದು ಮರುದಿನ. ಎರಡನೆಯ ಸಲ ನಡೆಯುವ ದಾರಿ ಮೊದಲಿಗಿಂತ ಸುಲಭ ಎಂಬ ಅರ್ಥದ ಮಾತನ್ನು ಆತ ಆಗ ಬರೆದ. ಬೂದಿಯಲ್ಲಿ ಸಿಕ್ಕಿದ ಸೀಸವನ್ನು ಕರಗಿಸಿ ಮತ್ತೆ ಅಚ್ಚಿನ ಮೊಳೆ ಎರಕ ಹೊಯ್ದರು. 1817ರಲ್ಲಿ ಕ್ಯಾರಿಯ ಕನ್ನಡ ವ್ಯಾಕರಣ ಅದೇ ಶ್ರೀರಾಮಪುರದಿಂದ ಹೊರಬಂದಿತು. ಅಲ್ಲಿಯ ಅನುವಾದಗಳೆಲ್ಲ ಉತ್ತಮವೆಂದು ನಾನು ಹೇಳಲಾರೆ. ಹಿಂದಿನಿಂದ ಬಂದವರು ಎಷ್ಟನ್ನೋ ಬದಿಗಿಟ್ಟು ಹೊಸದಾಗಿ ಮಾಡಿದರು. ಅದೂ ಅನಾತೋತಿನ ಹೊಲದಂತೆಯೇ.

ಈ ಕತೆಯನ್ನು ವೇದಿಕೆಯಿಂದ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಾನೂ ನಿಲ್ಲಿಸುತ್ತಿದ್ದೆ, ಈಗ ಆಗುವುದಿಲ್ಲ. ಕ್ಯಾರಿಯ ಹೆಂಡತಿ ಡಾರತಿ ಭಾರತಕ್ಕೆ ಬರಲು ಒಪ್ಪದೆ, ಕೊನೆಗೆ ಒಲ್ಲದ ಮನಸ್ಸಿನಿಂದ 1793ರಲ್ಲಿ ಹಡಗು ಹತ್ತಿದವಳು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಅವಳ ಬುದ್ಧಿ ಕದಡಿತು. 1807ರಲ್ಲಿ ಸಾಯುವವರೆಗೂ ಅದು ತಿಳಿಯಾಗಲಿಲ್ಲ. ಅವಳು ಒಂದು ಕೋಣೆಯಲ್ಲಿ ಕೂಗಾಡುತ್ತಿರುವಾಗ ಪಕ್ಕದ ಕೋಣೆಯಲ್ಲಿ ಗಂಡ ಅನುವಾದ ಮಾಡುತ್ತಿದ್ದ. ಆ ಗೋಡೆಯ ಈ ಬದಿಯಲ್ಲಿದ್ದ ಭರವಸೆಯ ಮೇಲೆ ಪುಸ್ತಕಗಳು ಬಂದಿವೆ. ಆ ಬದಿಯಲ್ಲಿದ್ದವಳ ಪಾಲಿಗೆ ಏನಿತ್ತು? ಮುಖವನ್ನು ಗೋಡೆಗೆ ತಿರುಗಿಸಿಕೊಂಡ ಒಬ್ಬಳು ಮನೆಯಲ್ಲಿರುವಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಒಂದು ಕೀರ್ತನೆಯಿದೆ. ಸತ್ಯವೇದದ ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಳಲಿನವು. ಅವುಗಳಲ್ಲಿ ಹೆಚ್ಚಿನವು ಅಳುತ್ತ ಅಳುತ್ತ ಕೊನೆಗೆ ಸ್ತುತಿಯ ಕಡೆಗೆ ಹೊರಳುತ್ತವೆ. 88ನೆಯದು ಹೊರಳುವುದಿಲ್ಲ. ಕತ್ತಲೆಯಲ್ಲಿ ಹೊರಟು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸೇರಿಸಿದ ಹಿರಿಯರು ಕೊನೆಗೆ ಒಂದು ಸಮಾಧಾನದ ಸಾಲು ಹಚ್ಚಬಹುದಾಗಿತ್ತು; ಹಚ್ಚಲಿಲ್ಲ. ಆಸೆಯ ಮಾತನ್ನು ಆಡಲಾರದವನ ದೂರೂ ಪ್ರಾರ್ಥನೆಯೇ ಎಂದು ಅವರು ಒಪ್ಪಿದರು. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದೂ ಅಂಥ ಒಂದು ಅಳಲಿನ ಕೀರ್ತನೆಯ ಮೊದಲ ಮಾತೇ: ದೇವರು ತನ್ನನ್ನೇಕೆ ಕೈಬಿಟ್ಟನೆಂಬ ಪ್ರಶ್ನೆ.

ವಿಚಾರವಾದಿಯಾದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ, “ಇದು ಬರಿಯ ಹಟ ಕಣಯ್ಯ. ಹಟಕ್ಕೆ ದೇವರ ಹೆಸರು ಏಕೆ?” ಎಂದರು. ಸರಿಯಾದ ಪ್ರಶ್ನೆ. ಹಟ ನನ್ನ ಬಲದ ಮೇಲೆ ನಿಲ್ಲುತ್ತದೆ. ನನ್ನ ಬಲ ಮೂರು ರಾತ್ರಿ ನಿದ್ದೆಗೆಟ್ಟರೆ ಮುಗಿಯುತ್ತದೆಂದು ಈಗಾಗಲೇ ಕಂಡಿದ್ದೇನೆ. ನಾನು ನಂಬಿರುವುದು ಇಷ್ಟು: ಆ ಕತ್ತಲೆಗೆ ದೇವರು ಹೊರಗಿನವನಲ್ಲ, ಒಳಹೊಕ್ಕು, ಅದನ್ನು ಹಾದು ಬಂದಿದ್ದಾನೆ. ಈಸ್ಟರ್ ಹಬ್ಬದ ಅರ್ಥ ನನಗೆ ಅದು. ಡಾರತಿಯ ಪಕ್ಕದಲ್ಲಿ ಗಂಡ ಇಲ್ಲದ ಗಳಿಗೆಗಳಲ್ಲೂ ಆತನಿದ್ದ ಎಂದು ನಂಬುತ್ತೇನೆ. ರುಜುವಾತು ಕೇಳಿದರೆ ಕೊಡಲಾರೆ. ಕೆಲವು ದಿನ ಈ ನಂಬಿಕೆಯನ್ನು ಹಿಡಿದಿರುವವನು ನಾನು; ಕೆಲವು ದಿನ ನನಗಾಗಿ ಅದನ್ನು ಹಿಡಿದಿರುವವರು ದೇವಾಲಯದಲ್ಲಿ ನನ್ನ ಅಕ್ಕಪಕ್ಕ ನಿಂತು ಹಾಡುವವರು. ನಾನು ಬಾಯಿ ಮುಚ್ಚಿ ನಿಂತಿದ್ದರೂ ಹಾಡು ನಡೆಯುತ್ತದೆ. ಸಹೋದ್ಯೋಗಿ ಒಪ್ಪಲಿಲ್ಲ, ಮರುದಿನ ಔಷಧಿ ಅಂಗಡಿಗೆ ನನ್ನ ಬದಲು ಅವರೇ ಹೋಗಿ ಬಂದರು.

ಹೆಂಡತಿಯ ಹತ್ತಿರ ನಾನು ಆ ಹಳೆಯ ಮಾತನ್ನು ಆಡುವುದನ್ನು ಬಿಟ್ಟಿದ್ದೇನೆ. ಬಿಡುವ ಮೊದಲು ಒಂದು ಸಂಜೆ ಎದುರಿಗೆ ಕುಳಿತು, “ಮಾತು ಪೂರ್ತಿ ಬರುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇಷ್ಟು ದಿನ ಗೊತ್ತಿದ್ದವನ ಹಾಗೆ ಹೇಳಿದೆ. ನಾಳೆ ಬೆಳಿಗ್ಗೆ ನಾನು ಇಲ್ಲೇ ಇರುತ್ತೇನೆ, ಪಾಠ ಮುಂದುವರಿಸೋಣ” ಎಂದೆ. ಅವಳು ಬಹಳ ಹೊತ್ತು ನನ್ನನ್ನು ನೋಡಿ, ಎಡಗೈಯಿಂದ ನನ್ನ ಕನ್ನಡಕ ತೆಗೆದು ತನ್ನ ಸೆರಗಿನಲ್ಲಿ ಒರೆಸಿ ಕೊಟ್ಟಳು. ಲಕ್ವ ಹೊಡೆಯುವ ಮೊದಲು ಅವಳು ದಿನವೂ ಮಾಡುತ್ತಿದ್ದ ಕೆಲಸ.

ಪಾಠ ನಡೆಯುತ್ತಿದೆ. ದಿನಕ್ಕೆ ಐದು ಪದ. ವಾರದ ಕೊನೆಗೆ ಒಂದು ಉಳಿದರೆ ನಮಗೆ ಹಬ್ಬ. ವಿಚಿತ್ರವೆಂದರೆ, ಹೇಳಲು ಬಾರದ ಪದ ಹಾಡಿನ ಧಾಟಿಯಲ್ಲಿ ಕೆಲವೊಮ್ಮೆ ತಾನಾಗಿ ಬಂದುಬಿಡುತ್ತದೆ. ಮಾತು ಕಳೆದುಕೊಂಡ ಎಷ್ಟೋ ರೋಗಿಗಳಲ್ಲಿ ಹಾಡು ಉಳಿದಿರುವುದುಂಟು ಎಂದು ವೈದ್ಯರೂ ಹೇಳಿದರು. ಆದುದರಿಂದ ‘ನೀರು’ ನಮ್ಮ ಮನೆಯಲ್ಲಿ ಈಗ ಒಂದು ರಾಗದ ಪದ.

ಈ ಲೇಖನವನ್ನು ಪತ್ರಿಕೆಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಬೇಕೆಂದು ಇಂದು ಮಧ್ಯಾಹ್ನ ಕುಳಿತೆ. ಸಾಸಿವೆ ಕಾಳಿನ ಮಹನೀಯರು ಬಂದಾಗ ನಕ್ಕಳು. ಡಾರತಿಯ ಭಾಗಕ್ಕೆ ಬರುವ ಮೊದಲೇ, ಎಲೀಯ ಎರಡನೆಯ ಸಲ ಮಲಗುವ ಹೊತ್ತಿಗೆ, ಅವಳಿಗೂ ನಿದ್ದೆ ಹತ್ತಿತು. ಈಗ ಐದು ಗಂಟೆ. ಎಬ್ಬಿಸಿ ಗಂಜಿ ಕುಡಿಸಬೇಕು.